ಸೂರು ಸೋರುವಾಗ: ಕಾಂಕ್ರೀಟು ಗುತ್ತಿಗೆದಾರರನ್ನು ಗೊತ್ತು ಮಾಡುವ ಬಗೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಕಟ್ಟಿದ ಮನೆಯನ್ನು ರಿಪೇರಿ ಮಾಡಿಸಿ ನೋಡು ಎಂಬ ಮೂರನೆಯ ಮಾತನ್ನು ಅವರು ಸೇರಿಸಲಿಲ್ಲ. ಸೇರಿಸುವ ಅಗತ್ಯ ಅವರಿಗೆ ಬೀಳಲಿಲ್ಲವೆಂದೇ ತೋರುತ್ತದೆ. ಅವರ ಕಾಲದ ಮನೆ ಮಣ್ಣು, ಮರ, ಹೆಂಚು, ಸುಣ್ಣದ ಗಾರೆಗಳಿಂದ ಆದದ್ದು. ಹೆಂಚು ಒಡೆದರೆ ಮಳೆಯ ಹನಿಯೇ ಜಾಗ ತೋರಿಸುತ್ತಿತ್ತು. ತೊಲೆಗೆ ಗೆದ್ದಲು ಹಿಡಿದರೆ ಹುಡಿ ಉದುರಿ ಸುದ್ದಿ ಹೇಳುತ್ತಿತ್ತು. ಕೆಟ್ಟದ್ದೂ ಕಣ್ಣಿಗೆ ಬೀಳುತ್ತಿತ್ತು, ಸರಿಪಡಿಸಿದ್ದೂ ಕಣ್ಣಿಗೆ ಬೀಳುತ್ತಿತ್ತು. ಇಂದಿನ ಕಾಂಕ್ರೀಟು ಮನೆಯ ಸ್ವಭಾವವೇ ಬೇರೆ. ಅದು ಒಳಗೊಳಗೇ ಕೆಡುತ್ತದೆ. ಅದರ ದುರಸ್ತಿಯ ಗುಣದೋಷವೂ ಗಾರೆಯ ಹಿಂದೆ ಮರೆಯಾಗಿರುತ್ತದೆ. ಆದುದರಿಂದ ಗೃಹಸ್ಥನು ಈ ಕೆಲಸಕ್ಕೆ ಕೈಹಾಕುವ ಮುನ್ನ ನಾಲ್ಕು ಸಂಗತಿಗಳನ್ನು ತಿಳಿದುಕೊಂಡಿರುವುದು ಲೇಸು.

ನಾನು ಎಂಜಿನಿಯರನಲ್ಲ, ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವನು. ಆದರೆ ಈ ವಿಷಯದಲ್ಲಿ ಒಂದು ಪಾಠವನ್ನು ಶುಲ್ಕ ಕೊಟ್ಟೇ ಕಲಿತಿದ್ದೇನೆ. ನಮ್ಮ ಮನೆಯನ್ನು ತಂದೆಯವರು 1976ರಲ್ಲಿ ಕಟ್ಟಿಸಿದರು. 2018ರ ಮಳೆಗಾಲದ ಒಂದು ಮುಂಜಾನೆ ನಡುಮನೆಯ ಸೂರಿನಿಂದ ಮೊರದಗಲದ ಒಂದು ಚಕ್ಕೆ ಕಳಚಿ ನನ್ನ ತಾಯಿಯವರ ಮಂಚದ ಮೇಲೆ ಬಿದ್ದಿತು. ಅವರು ಐದು ನಿಮಿಷದ ಹಿಂದೆಯಷ್ಟೇ ಎದ್ದು ಕಾಫಿಗೆಂದು ಅಡಿಗೆಮನೆಗೆ ಹೋಗಿದ್ದರು. ದಿಂಬಿನ ಮೇಲೆ ಬಿದ್ದಿದ್ದ ಆ ಚಕ್ಕೆಯನ್ನು ನಾನು ಎತ್ತಿ ನೋಡಿದೆ. ಮೂರು ಸೇರಿಗೆ ಕಡಮೆಯಿರಲಿಲ್ಲ.

ಗಾಬರಿಯಲ್ಲಿದ್ದವನಿಗೆ ಮೊದಲು ಸಿಕ್ಕಿದವನೇ ದೇವರು. ಯಾರೋ ಹೇಳಿದ ಗುತ್ತಿಗೆದಾರರೊಬ್ಬರು ಬಂದರು, ಬಾಗಿಲಲ್ಲೇ ನಿಂತು ತಲೆಯೆತ್ತಿ ನೋಡಿದರು, “ಮೇಷ್ಟ್ರೇ, ನೀವು ಯೋಚನೆ ಬಿಡಿ, ನಲವತ್ತು ಸಾವಿರ ಆಗುತ್ತೆ, ಅರ್ಧ ಈಗ ಕೊಡಿ” ಎಂದರು. ಕೊಟ್ಟೆ. ಮೂರು ದಿನದಲ್ಲಿ ಕೆಲಸ ಮುಗಿಯಿತು. ಸೂರು ಹಾಲಿನಂತೆ ಬೆಳ್ಳಗಾಯಿತು. ಮರುವರ್ಷ, 2019ರ ಆಗಸ್ಟಿನ ಆ ದೊಡ್ಡ ಮಳೆಯಲ್ಲಿ, ಬೆಳ್ಳನೆಯ ಸೂರಿನ ಮೇಲೆ ಸರಳು ಸರಳಾಗಿ ಕಂದು ಗೆರೆಗಳು ಮೂಡಿದವು. ವಾರ ಕಳೆಯುವಷ್ಟರಲ್ಲಿ ಹೊಸ ಗಾರೆಯೂ ಅದರೊಡನೆ ಇನ್ನಷ್ಟು ಹಳೆಯ ಕಾಂಕ್ರೀಟೂ ಕೆಳಗೆ ಬಂದವು. ಮಂಚವನ್ನು ಬೇರೆ ಕೋಣೆಗೆ ಸರಿಸಿದ್ದೆವಾಗಿ ಅನಾಹುತ ತಪ್ಪಿತು. ಗುತ್ತಿಗೆದಾರರನ್ನು ಕೇಳಿದರೆ, “ಗಾರೆ ಮಾಡಿ ಅಂದಿರಿ, ಗಾರೆ ಮಾಡಿದ್ದೇನಲ್ಲ, ಮೇಷ್ಟ್ರೇ” ಎಂಬ ಉತ್ತರ ಬಂದಿತು. ನನ್ನ ಬಾಯಿ ಕಟ್ಟಿತು. ಮೂವತ್ತು ವರ್ಷದಿಂದ ಮಕ್ಕಳಿಗೆ ವಾಕ್ಯರಚನೆ ಕಲಿಸುವ ನಾನು, ನಲವತ್ತು ಸಾವಿರ ರೂಪಾಯಿಯ ಕೆಲಸಕ್ಕೆ ಒಂದೇ ಒಂದು ವಾಕ್ಯವನ್ನೂ ಬರೆಸಿಕೊಂಡಿರಲಿಲ್ಲ!

ಈಗ ವಿಷಯಕ್ಕೆ ಬರೋಣ. ಕಾಂಕ್ರೀಟು ಎಂಬ ಶಬ್ದ ಲ್ಯಾಟಿನ್ ಮೂಲದ್ದು. ‘ಕೂಡಿ ಬೆಳೆದದ್ದು’ ಎಂದು ಅದರ ಅರ್ಥ. ಹೆಸರು ಸಾರ್ಥಕವಾಗಿದೆ. ಸಿಮೆಂಟು, ಮರಳು, ಜಲ್ಲಿ, ನೀರು ಕೂಡಿ ಒಂದೇ ಕಲ್ಲಾಗಿ ಬೆಳೆಯುತ್ತವೆ. ನಮ್ಮಲ್ಲಿ ಹಿಂದೆ ಸುಣ್ಣಕ್ಕೆ ಇಟ್ಟಿಗೆಯ ಪುಡಿ ಬೆರೆಸಿ ಸುರ್ಕಿ ಗಾರೆ ಮಾಡುತ್ತಿದ್ದರು. 1911ರಲ್ಲಿ ಕೆಲಸ ಮೊದಲಾದ ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಬೆಸೆದದ್ದು ಅದೇ ಸುರ್ಕಿ. ಇಂಗ್ಲೆಂಡಿನಲ್ಲಿ ಜೋಸೆಫ್ ಆಸ್ಪ್‌ಡಿನ್ ಎಂಬಾತ 1824ರಲ್ಲಿ ಪೋರ್ಟ್‌ಲೆಂಡ್ ಸಿಮೆಂಟಿಗೆ ಹಕ್ಕುಪತ್ರ ಪಡೆದನು. ಫ್ರಾನ್ಸಿನ ತೋಟಗಾರ ಜೋಸೆಫ್ ಮೋನಿಯೆ ಎಂಬಾತ ಗಿಡ ನೆಡುವ ತೊಟ್ಟಿಗಳು ಬಿರಿಯದಿರಲೆಂದು ಸಿಮೆಂಟಿನೊಳಗೆ ಕಬ್ಬಿಣದ ಬಲೆಯನ್ನಿಟ್ಟು 1867ರಲ್ಲಿ ಹಕ್ಕುಪತ್ರ ಪಡೆದನು. ನಮ್ಮ ತಲೆಯ ಮೇಲಿನ ತಾರಸಿ ಆ ಹೂಕುಂಡದ ವಂಶಕ್ಕೆ ಸೇರಿದುದು.

ಕಬ್ಬಿಣ ಏಕೆ ಬೇಕು? ಕಾಂಕ್ರೀಟು ಒತ್ತಡವನ್ನು ಬಲವಾಗಿ ತಾಳುತ್ತದೆ, ಎಳೆತವನ್ನು ತಾಳಲಾರದು. ತಾರಸಿ ತನ್ನ ಭಾರಕ್ಕೆ ನಡುವೆ ಬಾಗಲೆಳಸುವಾಗ ಅದರ ಅಡಿಭಾಗ ಎಳೆತಕ್ಕೆ ಸಿಕ್ಕುತ್ತದೆ. ಅಲ್ಲಿ ಸರಳುಗಳಿದ್ದು ಆ ಎಳೆತವನ್ನು ಹೊರುತ್ತವೆ. ಸಿಮೆಂಟು ಕ್ಷಾರಗುಣದ್ದಾದ್ದರಿಂದ ಅದರೊಳಗಿನ ಸರಳಿಗೆ ತುಕ್ಕು ಹಿಡಿಯದು. ಆದರೆ ವರ್ಷಗಳು ಕಳೆದಂತೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡು ಮೇಲಿನಿಂದ ಒಳಕ್ಕೆ ಇಳಿಯುತ್ತಾ ಈ ಕ್ಷಾರಗುಣವನ್ನು ಕುಂದಿಸುತ್ತದೆ. ಕರಾವಳಿಯಲ್ಲಿ ಉಪ್ಪಿನ ಗಾಳಿಯೂ ಈ ಕೇಡಿಗೆ ಕೈಜೋಡಿಸುತ್ತದೆ. ಆ ಮೇಲೆ ನೀರು ತಾಗಿದರೆ ಸರಳು ತುಕ್ಕಾಗುತ್ತದೆ. ತುಕ್ಕು ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮೀರಿದ ಜಾಗ ಬೇಡುತ್ತದೆ. ಜಾಗವಿಲ್ಲದ ಕಡೆ ಉಬ್ಬಿದರೆ ಏನಾದೀತು? ಗೋಡೆಯ ಸಂದಿನಲ್ಲಿ ಬೇರು ಬಿಟ್ಟ ಅರಳಿಗಿಡ ಗೋಡೆಯನ್ನು ಸೀಳುವಂತೆ, ತುಕ್ಕು ತನ್ನ ಕೆಳಗಿನ ಕಾಂಕ್ರೀಟನ್ನು ಒದ್ದು ಕೆಡವುತ್ತದೆ. ನನ್ನ ತಾಯಿಯವರ ದಿಂಬಿನ ಮೇಲೆ ಬಿದ್ದ ಚಕ್ಕೆಯ ಕಥೆ ಇದೇ. ತುಕ್ಕನ್ನು ಒಳಗೇ ಬಿಟ್ಟು ಮೇಲೆ ಗಾರೆ ಬಳಿಯುವುದು ಹುಣ್ಣಿನ ಮೇಲೆ ಗಂಧ ಹಚ್ಚಿದಂತೆ.

ಹಾಗಾದರೆ ಸರಿಯಾದ ದುರಸ್ತಿ ಯಾವುದು? ಮೊದಲು ನೀರಿನ ದಾರಿಯನ್ನು ಕಟ್ಟಬೇಕು. ತಾರಸಿಯ ಮೇಲೆ ನೀರು ನಿಲ್ಲದಂತೆ ಹತ್ತು ಅಡಿಗೆ ಒಂದೂಕಾಲು ಅಂಗುಲದಷ್ಟಾದರೂ ಇಳಿಜಾರಿರಬೇಕು. ನೀರು ಹೋಗುವ ಕೊಳವೆಯ ಬಾಯಿ ತೆರೆದಿರಬೇಕು. ಮೋಟುಗೋಡೆ ತಾರಸಿಯನ್ನು ಕೂಡುವ ಮೂಲೆಯನ್ನು ಭದ್ರಪಡಿಸಬೇಕು. ಆಮೇಲೆ ಕೆಳಗಿನ ಕೆಲಸ. ಸೂರಿಗೆ ಆಸರೆಯ ಕಂಬಗಳನ್ನು ಕೊಟ್ಟು, ಸಡಿಲವಾದ ಕಾಂಕ್ರೀಟನ್ನೆಲ್ಲ ಕೆತ್ತಿ ತೆಗೆದು, ಸರಳಿನ ಬೆನ್ನಿಗೂ ಬೆರಳು ಹೋಗುವಂತೆ ಬಿಡಿಸಿ, ಲೋಹ ಹೊಳೆಯುವವರೆಗೂ ತಂತಿಯ ಬ್ರಷ್ಷಿನಿಂದ ತುಕ್ಕು ಉಜ್ಜಬೇಕು. ಬಹಳ ಸವೆದ ಸರಳಿನ ಪಕ್ಕದಲ್ಲಿ ಹೊಸ ಸರಳನ್ನು ಕೊಡಬೇಕು. ತುಕ್ಕು ತಡೆಯುವ ಲೇಪ, ಹಳತು ಹೊಸತನ್ನು ಬೆಸೆಯುವ ಲೇಪ, ಅನಂತರ ಪಾಲಿಮರ್ ಬೆರೆಸಿದ ಗಾರೆಯನ್ನು ಪದರ ಪದರವಾಗಿ ಕೂರಿಸಿ ನೀರುಣಿಸಬೇಕು. ಇದು ಮೂರು ದಿನದ ಕೆಲಸವಲ್ಲವೆಂಬುದು ನಿಮಗೇ ತೋರುತ್ತದೆ.

ತೊಲೆಯಲ್ಲಿಯೋ ಕಂಬದಲ್ಲಿಯೋ ಬಿರುಕು ಕಂಡರೆ, ತಾರಸಿ ನಡುವೆ ಜಗ್ಗಿದಂತೆ ತೋರಿದರೆ, ಗುತ್ತಿಗೆದಾರರನ್ನು ಕರೆಯುವ ಮೊದಲು ಕಟ್ಟಡದ ಎಂಜಿನಿಯರರೊಬ್ಬರನ್ನು ಕರೆದು ತೋರಿಸಿ. ಅವರಿಗೆ ಕೊಡುವ ಸಂಭಾವನೆ ದುಂದಲ್ಲ. ರೋಗ ನಿರ್ಣಯವನ್ನು ಔಷಧಿಯ ಅಂಗಡಿಯವನಿಗೆ ಬಿಡುವವರುಂಟೆ?

ಎರಡನೆಯ ಸಲ ನಾನು ಅವಸರಪಡಲಿಲ್ಲ. ಪರಿಚಿತರ ಮನೆಗಳಲ್ಲಿ ಮೂರು ನಾಲ್ಕು ವರ್ಷದ ಹಿಂದೆ ದುರಸ್ತಿಯಾದ ಸೂರುಗಳನ್ನು ಹೋಗಿ ನೋಡಿದೆ. ಹೊಸ ಕೆಲಸ ಎಲ್ಲರದೂ ಚೆನ್ನಾಗಿಯೇ ಕಾಣುತ್ತದೆ. ಮೂರು ಮಳೆಗಾಲ ಕಂಡ ಕೆಲಸ ಮಾತ್ರ ನಿಜ ಹೇಳುತ್ತದೆ. ಹೀಗೆ ಸಿಕ್ಕಿದವರು ಅರುವತ್ತು ದಾಟಿದ ಒಬ್ಬ ಮೇಸ್ತ್ರಿ. ಅವರು ದರ ಹೇಳಲಿಲ್ಲ. ಏಣಿ ಕೇಳಿದರು. ಸಣ್ಣ ಸುತ್ತಿಗೆಯಿಂದ ಸೂರನ್ನು ಗೇಣು ಗೇಣಿಗೂ ತಟ್ಟುತ್ತಾ ಹೋದರು. “ಮೇಷ್ಟ್ರೇ, ಸ್ವಲ್ಪ ಕಿವಿ ಕೊಡಿ” ಎಂದರು. ಗಟ್ಟಿಯಾದ ಕಡೆ ಕಣ್ ಕಣ್ ಎಂಬ ನಾದ. ಒಳಗೆ ಬಿಟ್ಟುಕೊಂಡ ಕಡೆ ಡೊಳ್ಳು ಸದ್ದು. ಸಂತೆಯಲ್ಲಿ ಮಡಕೆ ತಟ್ಟಿ ಕೊಳ್ಳುವ ನಮ್ಮ ತಾಯಿಯವರಿಗೆ ಅದು ನನಗಿಂತ ಮೊದಲೇ ತಿಳಿಯಿತು. ಡೊಳ್ಳೆಂದ ಕಡೆಯೆಲ್ಲ ಮೇಸ್ತ್ರಿ ಸುಣ್ಣದ ಕಡ್ಡಿಯಿಂದ ಗೆರೆ ಎಳೆದರು. ನಾನು ಹಾಸಿಗೆಯಷ್ಟಗಲ ಎಂದುಕೊಂಡಿದ್ದ ಕೇಡು ಕೋಣೆಯ ಅರ್ಧದಷ್ಟಿತ್ತು. ತಟ್ಟದೆ ದರ ಹೇಳುವವರಿಗೆ ಕೆಲಸ ಕೊಡಬೇಡಿ ಎಂಬುದು ನನ್ನ ಮೊದಲನೆಯ ಸೂತ್ರ.

ಎರಡನೆಯ ಸೂತ್ರ: ಮೂವರಿಂದ ಅಂದಾಜು ಪಡೆಯಿರಿ, ಆದರೆ ಮೂವರಿಗೂ ಒಂದೇ ಪಟ್ಟಿ ಕೊಡಿ. ಒಬ್ಬರು ಗಾರೆಗೆ, ಇನ್ನೊಬ್ಬರು ಸರಳು ಸಹಿತ ದುರಸ್ತಿಗೆ ದರ ಹೇಳಿದರೆ ಹೋಲಿಸುವುದು ಹೇಗೆ? ಎಷ್ಟು ಚದರಡಿ ಕೆತ್ತಬೇಕು, ಎಷ್ಟು ಸರಳು, ಯಾವ ಲೇಪ, ತಾರಸಿಯ ಮೇಲೆ ಏನು, ಕಸ ಸಾಗಿಸುವವರು ಯಾರು, ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಕೊಡಬೇಕು. ಎಲ್ಲರಿಗಿಂತ ಬಹಳ ಕಡಮೆ ಹೇಳಿದವರು ಯಾವುದನ್ನು ಬಿಟ್ಟಿದ್ದಾರೆಂದು ವಿಚಾರಿಸಿ. ಸಿಮೆಂಟಿನ ಬೆಲೆ ಎಲ್ಲರಿಗೂ ಒಂದೇ. ಆಳಿನ ಕೂಲಿಯೂ ಹೆಚ್ಚು ಕಡಮೆ ಒಂದೇ. ಉಳಿತಾಯ ಬಂದದ್ದು ಎಲ್ಲಿಂದ?

ಗುತ್ತಿಗೆಯಲ್ಲಿ ಎರಡು ಬಗೆಯುಂಟು. ಕೂಲಿ ಗುತ್ತಿಗೆಯಲ್ಲಿ ಸಾಮಗ್ರಿ ನಿಮ್ಮದು, ಕೆಲಸ ಅವರದು. ಸಾಮಗ್ರಿ ಸಹಿತ ಗುತ್ತಿಗೆಯಲ್ಲಿ ಎರಡೂ ಅವರದು. ಅಂಗಡಿ ಅಲೆಯಲು ಬಿಡುವುಳ್ಳವರಿಗೆ ಮೊದಲನೆಯದು ಒಳ್ಳೆಯದು. ಎರಡನೆಯದಾದರೆ ಸಿಮೆಂಟಿನ ಹೆಸರು, ಸರಳಿನ ಗಾತ್ರ, ಮರಳಿನ ಬಗೆ ಇವನ್ನು ಕರಾರಿನಲ್ಲಿ ಹೆಸರಿಸಲೇಬೇಕು. ‘ಒಳ್ಳೆಯ ಸಿಮೆಂಟು’ ಎಂದು ಬರೆಯಬೇಡಿ. ಒಳ್ಳೆಯದು ಎಂಬ ವಿಶೇಷಣಕ್ಕೆ ಅಳತೆಯಿಲ್ಲ. ವ್ಯಾಕರಣದಲ್ಲಿ ಅದು ಸರಿ, ವ್ಯವಹಾರದಲ್ಲಿ ಅಲ್ಲ.

ಇನ್ನು ಹಣದ ಮಾತು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ಮುಂಗಡಕ್ಕೆಂದೇ ಹುಟ್ಟಿದಂತಿದೆ. ಹತ್ತರಲ್ಲಿ ಒಂದು ಪಾಲು, ಹೆಚ್ಚೆಂದರೆ ಎರಡು ಪಾಲು ಮುಂಗಡ ಸಾಕು. ಉಳಿದದ್ದು ಹಂತಹಂತವಾಗಿ: ಕೆತ್ತಿ ತುಕ್ಕು ತೆಗೆದು ನೀವು ನೋಡಿದ ಮೇಲೆ ಒಂದು ಕಂತು; ಸರಳು ಲೇಪಗಳಾದ ಮೇಲೆ ಒಂದು; ಗಾರೆ ಮುಗಿದ ಮೇಲೆ ಒಂದು. ನೂರಕ್ಕೆ ಹತ್ತರಷ್ಟನ್ನು ಮೊದಲ ಮಳೆಗಾಲ ಕಳೆಯುವವರೆಗೆ ತಡೆಹಿಡಿಯುವಂತೆ ಮೊದಲೇ ಒಪ್ಪಂದವಾಗಬೇಕು. ಹಣವನ್ನು ಬ್ಯಾಂಕಿನ ಮೂಲಕ ಕೊಡಿ, ಅಥವಾ ರಸೀತಿ ಪಡೆಯಿರಿ. ನಡುವೆ ಹೆಚ್ಚಿನ ಕೆಲಸ ಹುಟ್ಟಿದರೆ (ಹಳೆಯ ಮನೆಯಲ್ಲಿ ಅದು ಹುಟ್ಟದೆ ಇರದು) ಮಾಡುವ ಮೊದಲೇ ದರವನ್ನು ಬರೆದು ಇಬ್ಬರೂ ಸಹಿ ಹಾಕಬೇಕು. ನಮ್ಮ ಮೇಸ್ತ್ರಿ ಕರಾರನ್ನು ಕಂಡು ಮೊದಲು ಮುಖ ಸಣ್ಣದು ಮಾಡಿದರು. “ನಂಬಿಕೆ ಇಲ್ಲವಾ ಮೇಷ್ಟ್ರೇ?” ಎಂದರು. “ನಂಬಿಕೆ ಇರುವುದಕ್ಕೇ ನಿಮ್ಮನ್ನು ಕರೆದೆ, ಮೇಸ್ತ್ರಿ. ನಮ್ಮಿಬ್ಬರ ಮರೆವಿಗೆ ಈ ಕಾಗದ” ಎಂದೆ. ಅವರು ನಕ್ಕು, ಓದಿಸಿ ಕೇಳಿ, ಒಂದು ಸಾಲನ್ನು ತಾವೇ ಸೇರಿಸಿದರು: ಕಂತಿನ ಹಣ ಮೂರು ದಿನಕ್ಕಿಂತ ತಡವಾದರೆ ಕೆಲಸ ನಿಲ್ಲಿಸುವ ಹಕ್ಕು ತಮಗುಂಟು ಎಂದು. ಅದು ನ್ಯಾಯವೇ. ಆಳುಗಳ ವಾರದ ಬಟವಾಡೆ ನಮ್ಮ ಕಂತಿನಿಂದಲೇ ಆಗಬೇಕಷ್ಟೆ.

ಹೊಸದಾಗಿ ಸಜ್ಜಾ, ಮೆಟ್ಟಿಲು, ಚಿಕ್ಕ ತಾರಸಿ ಮುಂತಾದ್ದನ್ನು ಹಾಕಿಸುವುದಿದ್ದರೆ ಕೆಲಸದ ಹೊತ್ತಿನಲ್ಲಿ ನೋಡಬೇಕಾದ ಕೆಲವು ಸಂಗತಿಗಳನ್ನು ಹೇಳುತ್ತೇನೆ. ಮೂಟೆಯ ಮೇಲೆ ತಯಾರಾದ ವಾರ, ವರ್ಷ ಅಚ್ಚಾಗಿರುತ್ತದೆ. ಮೂರು ತಿಂಗಳು ಮೀರಿದ ಸಿಮೆಂಟು ಬೇಡ. ಸರಳು ಹಾಕುವ ಕಾಂಕ್ರೀಟಿಗೆ ಎಂ 20 ಎಂಬ ದರ್ಜೆಗಿಂತ ಕಡಮೆಯಾದುದನ್ನು ಭಾರತೀಯ ಮಾನಕ ಸಂಹಿತೆ ಒಪ್ಪುವುದಿಲ್ಲ. ಸಾಮಾನ್ಯ ರೂಢಿಯಲ್ಲಿ ಅದು ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ. ಬಾಂಡಲಿಯ ಲೆಕ್ಕ ನಂಬಬೇಡಿ. ಒಬ್ಬ ಆಳಿನ ಬಾಂಡಲಿ ಗೋಪುರ, ಇನ್ನೊಬ್ಬನದು ತಟ್ಟೆ. 50 ಕಿಲೋಗ್ರಾಮಿನ ಒಂದು ಮೂಟೆ ಸಿಮೆಂಟು ಸುಮಾರು 35 ಲೀಟರಿನಷ್ಟು ಜಾಗ ಹಿಡಿಯುತ್ತದೆ. ಅಷ್ಟೇ ಅಳತೆಯ ಮರದ ಇಲ್ಲವೆ ತಗಡಿನ ಪೆಟ್ಟಿಗೆಯೊಂದನ್ನು ಇಟ್ಟುಕೊಂಡರೆ ಮೂಟೆಗೆ ಒಂದೂವರೆ ಪೆಟ್ಟಿಗೆ ಮರಳು, ಮೂರು ಪೆಟ್ಟಿಗೆ ಜಲ್ಲಿ ಎಂಬ ಲೆಕ್ಕ ಮಕ್ಕಳಿಗೂ ಸಿಗುತ್ತದೆ. ಮರಳು ಹೊಳೆಯದಾಗಲಿ, ಕಲ್ಲು ಪುಡಿ ಮಾಡಿದ ಎಂ-ಸ್ಯಾಂಡ್ ಆಗಲಿ, ಅಂಗೈಯಲ್ಲಿ ಉಜ್ಜಿದರೆ ಮಣ್ಣಿನ ಕಲೆ ಹೆಚ್ಚಾಗಿ ಉಳಿಯಬಾರದು. ಕಡಲ ಮರಳನ್ನು ಸರಳಿರುವ ಕಡೆ ತರಲೇಬಾರದು.

ಎಲ್ಲಕ್ಕಿಂತ ದೊಡ್ಡ ಮೋಸ ನೀರಿನಿಂದ ಆಗುತ್ತದೆ. ಅದನ್ನು ಮಾಡುವವರಿಗೆ ತಾವು ಮೋಸ ಮಾಡುತ್ತಿದ್ದೇವೆಂದೂ ತೋರುವುದಿಲ್ಲ. ಎಂ 20ಕ್ಕೆ ಮೂಟೆಗೆ 30 ಲೀಟರು ನೀರು ಮೇರೆ. ಒದ್ದೆ ಮರಳಿನಲ್ಲಿರುವ ನೀರೂ ಅದರಲ್ಲಿ ಸೇರಿತು. ಕಲಸು ತೆಳ್ಳಗಾದರೆ ಸುರಿಯಲು ಸುಲಭವೆಂದು ಆಳು ಇನ್ನೊಂದು ಬಕೆಟು ಹುಯ್ಯುತ್ತಾನೆ. ಸಿಮೆಂಟಿಗೆ ಬೇಡವಾದ ಆ ನೀರು ಮುಂದೆ ಆರಿಹೋಗಿ ತನ್ನ ಜಾಗದಲ್ಲಿ ಸಣ್ಣ ಸಣ್ಣ ರಂಧ್ರಗಳನ್ನು ಬಿಡುತ್ತದೆ. ಬಲವೂ ಕುಂದುತ್ತದೆ, ಮಳೆಗೂ ಗಾಳಿಗೂ ದಾರಿಯೂ ಆಗುತ್ತದೆ. ದೋಸೆಯ ಹಿಟ್ಟಿಗೂ ಕಡುಬಿನ ಹಿಟ್ಟಿಗೂ ಇರುವ ಅಂತರ ಮನೆಯ ಹೆಂಗಸರಿಗೆ ಹೇಳಿಕೊಡಬೇಕಾಗಿಲ್ಲ. ಕಲಸು ಕಡುಬಿನ ಕಡೆಗಿರಲಿ. ಅದನ್ನು ಮೂಲೆಮೂಲೆಗೂ ಕೂರಿಸಲು ಕಂಪನದ ಯಂತ್ರವಿರಲಿ.

ಸರಳು ಹಲಗೆಗೆ ತಾಗಿ ಮಲಗಬಾರದು. ತಾರಸಿಯಲ್ಲಿ ಸರಳಿನ ಕೆಳಗೆ ಕನಿಷ್ಠ 20 ಮಿಲಿಮೀಟರು, ಮಳೆಗೆ ಒಡ್ಡಿಕೊಂಡ ಕಡೆ ಇನ್ನೂ ಹೆಚ್ಚು ಕಾಂಕ್ರೀಟಿನ ಹೊದಿಕೆಯಿರಬೇಕು. ಅದಕ್ಕಾಗಿ ಸಿಮೆಂಟಿನ ಬಿಲ್ಲೆಗಳನ್ನು ಸರಳಿನ ಕೆಳಗಿಡುತ್ತಾರೆ. ನಮ್ಮ 1976ರ ಸೂರಿನಲ್ಲಿ ಆ ಹೊದಿಕೆ ಕೆಲವು ಕಡೆ ನಾಲ್ಕಾಣೆಯ ನಾಣ್ಯದ ದಪ್ಪವೂ ಇರಲಿಲ್ಲ. ಸಜ್ಜಾದ ಲೆಕ್ಕ ಮಾತ್ರ ತಿರುಗುಮುರುಗು. ಅದು ಗೋಡೆಯಿಂದ ಹೊರಚಾಚಿ ಕೆಳಕ್ಕೆ ಬಾಗಲೆಳಸುವುದರಿಂದ ಎಳೆತ ಅದರ ಮೇಲ್ಭಾಗದಲ್ಲಿರುತ್ತದೆ. ಮುಖ್ಯ ಸರಳೂ ಮೇಲೆಯೇ ಇರಬೇಕು. ಕಾಂಕ್ರೀಟು ಹಾಕುವ ಆಳು ಅದರ ಮೇಲೆ ಕಾಲಿಟ್ಟು ಸರಳನ್ನು ಕೆಳಗೆ ತುಳಿದರೆ, ಆಸರೆ ತೆಗೆದ ದಿನವೇ ಸಜ್ಜಾ ಕೆಳಗೆ ಬರಬಹುದು. ಸೆಂಟ್ರಿಂಗ್ ಬಿಚ್ಚಲು ಅವಸರ ಬೇಡ: ನಾಲ್ಕೂವರೆ ಮೀಟರು ಅಗಲದವರೆಗಿನ ತಾರಸಿಗೆ ಆಸರೆಯ ಕಂಬಗಳು ಕನಿಷ್ಠ 7 ದಿನ, ಅದಕ್ಕೂ ದೊಡ್ಡದಾದರೆ 14 ದಿನ ಇರಬೇಕು. ಸಜ್ಜಾದ ಆಸರೆಯನ್ನು ಎಂದು ತೆಗೆಯಬೇಕೆಂಬುದನ್ನು ಎಂಜಿನಿಯರರಿಂದಲೇ ಕೇಳಿ ತಿಳಿಯಿರಿ.

ಕಾಂಕ್ರೀಟು ಒಣಗಿ ಗಟ್ಟಿಯಾಗುತ್ತದೆ ಎಂಬುದು ತಪ್ಪು ತಿಳುವಳಿಕೆ. ಅದು ನೀರು ಕುಡಿದು ಗಟ್ಟಿಯಾಗುತ್ತದೆ. ಸಿಮೆಂಟಿನ ಕಣಕಣವೂ ನೀರಿನೊಡನೆ ಬೆರೆತು ಹರಳುಗಟ್ಟಬೇಕು. 28 ದಿನದ ಬಲವನ್ನು ಎಂಜಿನಿಯರುಗಳು ಲೆಕ್ಕಕ್ಕೆ ಹಿಡಿಯುತ್ತಾರೆ. ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಸಿಮೆಂಟಿಗೆ ಕನಿಷ್ಠ 10 ದಿನ ಎಡೆಬಿಡದೆ ತೇವವಿರಬೇಕು. ನಮ್ಮ ಬಿಸಿಲಿಗೆ ಎರಡು ವಾರ ಮಾಡಿದರೆ ಇನ್ನೂ ಒಳ್ಳೆಯದು. ಒದ್ದೆ ಗೋಣಿಚೀಲ ಹೊದಿಸಿ. ತಾರಸಿಯ ಮೇಲೆ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಿ. ಬೆಳಿಗ್ಗೆ ಸಂಜೆ ಒಂದೊಂದು ಚೊಂಬು ಚಿಮುಕಿಸಿದರೆ ಸಾಲದು. ಗುತ್ತಿಗೆದಾರರ ಆಳು ಆ ಹೊತ್ತಿಗೆ ಇನ್ನೊಂದು ಮನೆಯ ಕೆಲಸದಲ್ಲಿರುತ್ತಾನೆ. ನೀರುಣಿಸುವ ಹೊಣೆ ಯಾರದೆಂದು ಕರಾರಿನಲ್ಲಿರಲಿ. ಇಲ್ಲವಾದರೆ ಮನೆಯವರೇ ವಹಿಸಿಕೊಳ್ಳಿ.

ಕಾಲದ ಆಯ್ಕೆಯೂ ಮುಖ್ಯ. ಸಂಕ್ರಾಂತಿ ಕಳೆದು ಯುಗಾದಿಯೊಳಗೆ ಕೆಲಸ ಮುಗಿದರೆ ಬಿಸಿಲೂ ಹಿತ, ಮಳೆಯ ಭಯವೂ ಇಲ್ಲ. ಮೃಗಶಿರೆಯ ಮಳೆ ಹಿಡಿದ ಮೇಲೆ ಗುತ್ತಿಗೆದಾರರನ್ನು ಹುಡುಕುವವನು ಅವರು ಹೇಳಿದ ದರಕ್ಕೂ ಹೇಳಿದ ದಿನಕ್ಕೂ ತಲೆಬಾಗಲೇಬೇಕು.

ಇಷ್ಟು ಎಚ್ಚರ ವಹಿಸಿಯೂ ಮೋಸ ಹೋದರೆ ದಾರಿಯಿಲ್ಲವೆಂದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಮನೆ ಕಟ್ಟುವ ಕೆಲಸವೂ ಸೇವೆಯೇ. ದೋಷ ಕಂಡ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು; ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಆದರೆ ಅಲ್ಲಿ ಕೇಳುವುದು ಕಾಗದವನ್ನು: ಕರಾರು, ರಸೀತಿ, ಕೆಲಸದ ಮೊದಲು, ನಡುವೆ, ಕೊನೆಗೆ ತೆಗೆದ ಚಿತ್ರಗಳು. ನನ್ನ ಮೊದಲ ಸಲದ ನಲವತ್ತು ಸಾವಿರಕ್ಕೆ ಇವೊಂದೂ ಇರಲಿಲ್ಲ, ಹೋಯಿತು.

ಕಡೆಯದಾಗಿ ನಮ್ಮ ಕಡೆಯ ಕರ್ತವ್ಯ. ಕೆಲಸದವರು ಎತ್ತರದಲ್ಲಿ, ದೂಳಿನಲ್ಲಿ, ಸಿಮೆಂಟು ಕೈ ತಿನ್ನುವಾಗ ದುಡಿಯುತ್ತಾರೆ. ತಲೆಗೆ ಟೊಪ್ಪಿ, ಕೈಚೀಲ, ಭದ್ರವಾದ ಏಣಿ ಇವೆಯೇ ಎಂದು ವಿಚಾರಿಸುವುದು ಮನೆಯ ಯಜಮಾನನಿಗೂ ಸೇರಿದ್ದು. ಕುಡಿಯುವ ನೀರು, ನೆರಳು, ಒಂದು ಲೋಟ ಚಹ, ಹೇಳಿದ ದಿನಕ್ಕೆ ಹಣ, ಇವು ಕರಾರಿನಲ್ಲಿ ಇಲ್ಲದಿದ್ದರೂ ಕೆಲಸದ ಗುಣದಲ್ಲಿ ಕಾಣಿಸಿಕೊಳ್ಳುತ್ತವೆ. ಏನಾದರೂ ತಪ್ಪು ಕಂಡರೆ ಆಳನ್ನು ಗದರಬೇಡಿ. ಮೇಸ್ತ್ರಿಯನ್ನು ಕರೆದು ಹೇಳಿ.

ನಮ್ಮ ಕೆಲಸ 2020ರ ಫೆಬ್ರವರಿಯಲ್ಲಿ ಮುಗಿಯಿತು. ಮೊದಲಿನದಕ್ಕಿಂತ ಎರಡು ಪಟ್ಟು ಮೀರಿ ಖರ್ಚಾಯಿತು. ಹದಿನೆಂಟು ದಿನ ಹಿಡಿಯಿತು. ಆ ವರ್ಷದ ಮಳೆಗಾಲ ಕಳೆದ ಮೇಲೆ ಅಕ್ಟೋಬರಿನಲ್ಲಿ ತಡೆಹಿಡಿದ ಹಣ ಕೊಡಲು ಮೇಸ್ತ್ರಿಯನ್ನು ಕರೆಸಿದೆ. ಅವರು ಹಣವನ್ನು ಎಣಿಸುವ ಮೊದಲು ಏಣಿ ಕೇಳಿದರು. ಸೂರನ್ನು ಮೂಲೆಯಿಂದ ಮೂಲೆಗೆ ತಟ್ಟಿ ಬಂದರು. ಎಲ್ಲೆಲ್ಲೂ ಕಣ್ ಕಣ್. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ತಾಯಿಯವರು, “ಇನ್ನು ನನ್ನ ಮಂಚ ಇಲ್ಲೇ ಹಾಕಿಸಪ್ಪ” ಎಂದರು. ಅಂದು ರಾತ್ರಿಯಿಂದ ಅವರು ಅಲ್ಲಿಯೇ ಮಲಗುತ್ತಾ ಬಂದರು.